ತುಳು ಲಿಪಿಯ ಫಾಂಟ್ ಮತ್ತು ಯೂನಿಕೋಡ್: ಹಳೆಯ ಕಡತಗಳನ್ನು ಬದಲಿಸಬೇಕೇ?

ಪ್ರಶ್ನೆ (ಸಂಚಿಕೆಯ ಸಂಪಾದಕ, ಪುತ್ತೂರು):
ನಮ್ಮ ಸಂಘದ ತುಳು ಸಂಚಿಕೆಯ ಲೇಖನಗಳನ್ನು ಕನ್ನಡ ಕೀಲಿಮಣೆಯಲ್ಲೇ ಟೈಪಿಸಿ, ಬಳಿಕ ತುಳು ಲಿಪಿಯ ಫಾಂಟ್ ಆರಿಸಿ ಮುದ್ರಿಸುತ್ತೇವೆ. ಅಚ್ಚಿನಲ್ಲಿ ಸೊಗಸಾಗಿರುವ ಅದೇ ಬರಹ ವಾಟ್ಸ್‌ಆ್ಯಪ್‌ನಲ್ಲಿ ಕನ್ನಡ ಅಕ್ಷರಗಳಾಗಿ ಕಾಣಿಸುತ್ತದೆ. ಪ್ರತಿ ಅಕ್ಷರಕ್ಕೂ ಒಂದು ಸಂಕೇತ ಕೊಡುವ ಜಾಗತಿಕ ಪದ್ಧತಿಯಾದ ಯೂನಿಕೋಡ್‌ನಲ್ಲಿ ಈಗ ತುಳು ಲಿಪಿಗೂ ಜಾಗ ಸಿಕ್ಕಿರುವುದರಿಂದ ಹಳೆಯ ಕಡತಗಳನ್ನೆಲ್ಲ ಪರಿವರ್ತಿಸುವುದು ಸೂಕ್ತವೇ?

ಉತ್ತರ 1 (ಫಾಂಟ್ ವಿನ್ಯಾಸಕ):
ನಿಮ್ಮ ಕಡತದೊಳಗೆ ಇರುವುದು ಕನ್ನಡದ ಸಂಕೇತಗಳೇ. ತುಳು ಫಾಂಟ್ ಅವುಗಳ ಮೇಲೆ ತೊಡಿಸಿದ ಅಂಗಿ ಮಾತ್ರ. 2024ರ ಸೆಪ್ಟೆಂಬರಿನಲ್ಲಿ ಬಂದ ಯೂನಿಕೋಡ್ 16.0 ಆವೃತ್ತಿಯು ‘ತುಳು-ತಿಗಳಾರಿ’ ಎಂಬ ಹೆಸರಿನಲ್ಲಿ ಈ ಲಿಪಿಗೆ 80 ಸ್ವತಂತ್ರ ಸಂಕೇತಗಳನ್ನು ಕೊಟ್ಟಿದೆ. ಆದರೆ ಒಂದಕ್ಕೊಂದು ಹೊಂದಿಸಿ ಬದಲಿಸಿದರೆ ಕೆಲಸ ಕೆಡುತ್ತದೆ. ‘ಮಿತ್ತ್’ ಎಂಬ ಪದವನ್ನೇ ನೋಡಿ: ಕನ್ನಡದಲ್ಲಿ ಒತ್ತಕ್ಷರ ಕೂಡಿಸುವುದಕ್ಕೂ, ಕೊನೆಯ ಅರ್ಧ ಉಕಾರವನ್ನು (ಪೂರ್ತಿ ಉಚ್ಚರಿಸದ ಉ) ತೋರಿಸುವುದಕ್ಕೂ ಒಂದೇ ಸಂಕೇತ ಬಳಕೆಯಾಗುತ್ತದೆ; ಹೊಸ ಪಟ್ಟಿಯಲ್ಲಿ ಅಕ್ಷರ ಕೂಡಿಸುವ ಸಂಕೇತ ಬೇರೆ, ಕಣ್ಣಿಗೆ ಕಾಣುವ ಅರ್ಧಾಕ್ಷರದ ಚಿಹ್ನೆ ಬೇರೆ. ಇನ್ನೂ ದೊಡ್ಡ ತೊಡಕೆಂದರೆ, ತಾಳೆಗರಿಗಳ ಬರವಣಿಗೆಯನ್ನು ಆಧರಿಸಿದ ಆ ಪಟ್ಟಿಯಲ್ಲಿ ಏಕಾರ, ಓಕಾರಗಳಿವೆಯೇ ಹೊರತು ಹ್ರಸ್ವ ಎಕಾರ, ಒಕಾರಗಳಿಗೆ ಪ್ರತ್ಯೇಕ ಸಂಕೇತವಿಲ್ಲ. ‘ಒಂಜಿ’ಯ ಒ ಮತ್ತು ‘ಓಲು’ವಿನ ಓ ಒಂದೇ ಆಗಿಬಿಟ್ಟರೆ, ಅವನ್ನು ಮರಳಿ ಬೇರ್ಪಡಿಸಲು ಯಾವ ತಂತ್ರಾಂಶಕ್ಕೂ ಆಗದು. ಆದ್ದರಿಂದ ಕನ್ನಡ ಲಿಪಿಯ ಪ್ರತಿಯನ್ನೇ ಮೂಲವೆಂದು ಉಳಿಸಿಕೊಳ್ಳಿ.

ಉತ್ತರ 2 (ತುಳು ವಿಕಿಪೀಡಿಯದ ಬರಹಗಾರ್ತಿ):
ಮೇಲಿನವರ ಸಲಹೆ ಸರಿಯಾಗಿದೆ, ಆದರೆ ನನ್ನ ಕಾರಣ ಬೇರೆ. 2011ರ ಜನಗಣತಿಯಂತೆ ಸುಮಾರು 18.46 ಲಕ್ಷ ಜನರ ತಾಯಿನುಡಿಯಾದ ತುಳುವನ್ನು, ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಅಚ್ಚು ಹಾಕಿದ ಕಾಲದಿಂದಲೂ ಜನ ಹೆಚ್ಚಾಗಿ ಕನ್ನಡ ಅಕ್ಷರದಲ್ಲಿಯೇ ಓದುತ್ತಿದ್ದಾರೆ. 2016ರಲ್ಲಿ ಆರಂಭವಾದ ತುಳು ವಿಕಿಪೀಡಿಯವೂ ಹಾಗೆಯೇ ಇದೆ. ಓದುಗರ ಫೋನಿನಲ್ಲಿ ಹೊಸ ಸಂಕೇತಗಳ ಫಾಂಟ್ ಇಲ್ಲದಿದ್ದರೆ ಅವರಿಗೆ ಕಾಣುವುದು ಖಾಲಿ ಚೌಕಗಳು ಮಾತ್ರ, ಮತ್ತು ಚೌಕಗಳನ್ನು ಕಂಡವರು ಎರಡನೆಯ ಸಲ ಪುಟ ತೆರೆಯುವುದು ಕಡಿಮೆ. ಲಿಪಿಯ ಅಭಿಮಾನ ನನಗೂ ಇದೆ, ನಾಮಫಲಕಗಳಲ್ಲಿ ಅದನ್ನು ನೋಡಲು ಖುಷಿಯೂ ಆಗುತ್ತದೆ. ಆದರೂ ಹುಡುಕಿದಾಗ ಸಿಗುವ ತುಳು ಬರಹ ಹೆಚ್ಚುವುದು ಅದಕ್ಕಿಂತ ತುರ್ತಿನ ಕೆಲಸ.

ಸಂಪಾದಕರ ಮರುನುಡಿ:
ಇಬ್ಬರಿಗೂ ಕೃತಜ್ಞತೆಗಳು. ಹಾಗಾದರೆ ಒಳಪುಟಗಳನ್ನು ಕನ್ನಡ ಯೂನಿಕೋಡ್‌ನಲ್ಲಿ ಜಾಲತಾಣಕ್ಕೆ ಏರಿಸಿ, ಮುಖಪುಟದ ಶೀರ್ಷಿಕೆಯನ್ನು ಮಾತ್ರ ತುಳು ಲಿಪಿಯಲ್ಲಿ ಚಿತ್ರವಾಗಿ ಹಾಕುತ್ತೇವೆ.