ಕಂಪ್ಯೂಟರ್ ಜೊತೆ ಚೆಸ್ ಆಡಿಸಿದರೆ ಆಟ ಸುಧಾರಿಸುತ್ತಾ?

ಹಾಸನದ ಅಪ್ಪ: ಮಗಳು ಏಳನೇ ಕ್ಲಾಸ್. ಮನೆ ಹತ್ತಿರ ಕೋಚ್ ಯಾರೂ ಇಲ್ಲ. ಚೆಸ್ ಆಡುವ ಪ್ರೋಗ್ರಾಂ (ಎಂಜಿನ್ ಅಂತಾರಲ್ಲ) ಸ್ಟಾಕ್‌ಫಿಶ್ ಜೊತೆ ದಿನಾ ಆಡಿಸಬಹುದಾ? ಯಾವ ಲೆವೆಲ್‌ನಿಂದ ಶುರು ಮಾಡಿಸಲಿ? ಅನುಭವ ಇದ್ದವರು ಹೇಳಿ.

ಮೂಡಿಗೆರೆ ಪ್ಲಾಂಟರ್: ಮಗನಿಗೆ ಅಂತ ಲ್ಯಾಪ್‌ಟಾಪ್ 46,000. ನಮ್ಮಲ್ಲಿ ಮಳೆ ಹಿಡಿದರೆ ಕರೆಂಟ್ ಮರೆತುಬಿಡಬೇಕು, ಅದಕ್ಕೆ ಇನ್ವರ್ಟರ್, ಬ್ಯಾಟರಿ 21,500. ಅದನ್ನು ತಂದ ಜೀಪಿನವನಿಗೆ 600 ಬೇರೆ. ಸಿಡಿಲಿಗೆ ರೂಟರ್ ಸುಟ್ಟಿತು, 1,800. ಸ್ಟಾಕ್‌ಫಿಶ್ ಮಾತ್ರ ಪೂರ್ತಿ ಫ್ರೀ! ಯಾರು ಏನೇ ಹೇಳಲಿ, ಮಗನ ಎಂಡ್‌ಗೇಮ್, ಅಂದರೆ ಕಾಯಿ ಕಡಿಮೆಯಾದ ಮೇಲಿನ ಕೊನೆಯ ಆಟ, ಗಟ್ಟಿಯಾಗಿದ್ದು ಅದರಿಂದಲೇ. ಅಭ್ಯಾಸ ಹೀಗೆ: ರಾಜ ಬಿಟ್ಟು ಎಂಜಿನ್‌ಗೆ ಆನೆ, ಪದಾತಿ. ಇವನಿಗೆ ಬರೀ ಆನೆ. ಎಂಜಿನ್ ಫುಲ್ ಪವರ್‌ನಲ್ಲಿ. ಇವನು ಆನೆಯನ್ನು ತನ್ನ ಕಡೆಯಿಂದ ಮೂರನೇ ಸಾಲಲ್ಲಿ ಕಾಯಿಸಬೇಕು. ಪದಾತಿ ಆ ಸಾಲಿಗೆ ಕಾಲಿಟ್ಟ ಕೂಡಲೇ ಬೋರ್ಡಿನ ಆ ತುದಿಗೆ ಓಡಿಸಿ ಹಿಂದಿನಿಂದ ಚೆಕ್ ಕೊಡುತ್ತಾ ಇರಬೇಕು. ಆಗ ಡ್ರಾ. ಸ್ವಲ್ಪ ಎಡವಿದರೂ ಅದು ಬಿಡುವುದಿಲ್ಲ.

ಅರಸೀಕೆರೆ ಮೇಷ್ಟ್ರು: ಎಂಡ್‌ಗೇಮ್‌ಗೆ ಸರಿ. ಆದರೆ ಚಿಕ್ಕ ಲೆವೆಲ್‌ಗಳು ಮಕ್ಕಳನ್ನು ಕೆಡಿಸುತ್ತವೆ. ಚೆನ್ನಾಗಿ ಆಡುತ್ತಾ ಆಡುತ್ತಾ ಇದ್ದಕ್ಕಿದ್ದಂತೆ ಮಂತ್ರಿಯನ್ನು ಸುಮ್ನೆ ಒಪ್ಪಿಸಿಬಿಡುತ್ತದೆ. ಬೇಕಂತಲೇ ಕೆಟ್ಟ ನಡೆ ಆರಿಸುವ ಹಾಗೆ ಮಾಡಿರುತ್ತಾರೆ ಅಲ್ವಾ. ನನ್ನ ಮಗ ಆ ದಾನಕ್ಕೆ ಕಾಯುವುದನ್ನೇ ಕಲಿತ. ಮೈಸೂರಿನ ಟೂರ್ನಿಯಲ್ಲಿ ಯಾರೂ ದಾನ ಕೊಡಲಿಲ್ಲ. ಎಂಟ್ರಿ ಫೀ 800, ರೂಮು 1,400, ಬಂದದ್ದು ಒಂದೂವರೆ ಪಾಯಿಂಟ್. ಈಗ ಲಿಚೆಸ್ ಅನ್ನೋ ಚೆಸ್ ವೆಬ್‌ಸೈಟ್‌ನಲ್ಲಿ ತಾನೇ ಆಡುವ ಪ್ರೋಗ್ರಾಂ ಮಾಯಾ ಬಾಟ್ ಜೊತೆ ಆಡಿಸುತ್ತೇನೆ. ಮನುಷ್ಯರ ಆಟ ನೋಡಿ ಕಲಿತದ್ದು, ತಪ್ಪೂ ಮನುಷ್ಯರ ಥರದ್ದೇ. 1100 ರೇಟಿಂಗ್ (ಆಟದ ಮಟ್ಟ ಹೇಳುವ ಅಂಕ) ಇರುವವರ ಹಾಗೆ ಆಡುವುದೇ ಬೇರೆ, 1500ರದ್ದೇ ಬೇರೆ, 1900ರದ್ದೇ ಬೇರೆ ಇದೆ.

ಕಡೂರಿನ ಅಮ್ಮ: ಬರೀ ಲೆವೆಲ್ಲು, ಬಾಟು! ಗುಕೇಶ್‌ಗೆ ಕೋಚ್ ವಿಷ್ಣು ಪ್ರಸನ್ನ ಎಷ್ಟೋ ವರ್ಷ ಎಂಜಿನ್ ಮುಟ್ಟಲು ಬಿಟ್ಟಿರಲಿಲ್ಲ. 2024ರಲ್ಲಿ ವಿಶ್ವ ಚಾಂಪಿಯನ್ ಆಗಲಿಲ್ವಾ? ಯಾರ ಕೈ ಮೇಲು ಅಂತ ಎಂಜಿನ್ ಅಂಕ ತೋರಿಸುತ್ತದಲ್ಲ, ನನ್ನ ಮಗಳು ಸ್ಕ್ರೀನ್‌ನಲ್ಲಿ ಆ +1.2 ನೋಡಿ ಗೆದ್ದೆ ಅನ್ನುತ್ತಿದ್ದಳು. ಯಾಕೆ ಪ್ಲಸ್ಸು ಅಂದರೆ ಬಾಯಿ ಇಲ್ಲ. ಈಗ ಏನು ಯೋಚಿಸಿ ಆಡಿದೆ ಅಂತ ಮೊದಲು ನೋಟ್‌ಬುಕ್‌ನಲ್ಲಿ ಬರೆಯಬೇಕು. ಆಮೇಲೆ ಎಂಜಿನ್.

ಮೂಡಿಗೆರೆ ಪ್ಲಾಂಟರ್: ವಿಷ್ಣು ಪ್ರಸನ್ನ ಗ್ರ್ಯಾಂಡ್‌ಮಾಸ್ಟರ್ ಮೇಡಂ. ಮೂಡಿಗೆರೆ ಬಸ್ ಸ್ಟ್ಯಾಂಡಲ್ಲಿ ಅಂಥವರು ಇಳಿದರೆ ಹೇಳಿ, ಜೀಪ್ ಕಳಿಸುತ್ತೇನೆ.

ಕಡೂರಿನ ಅಮ್ಮ: ಯಾವ ಜೀಪು? 600 ಹೋಯಿತು ಅಂತ ಆಗಲೇ ಅತ್ತಿರಲ್ಲ, ಅದೇನಾ?

ಅರಸೀಕೆರೆ ಮೇಷ್ಟ್ರು: ಇನ್ವರ್ಟರ್ ಯಾಕೆ ಬೇಕಿತ್ತು ಸರ್? ಸ್ಟಾಕ್‌ಫಿಶ್ ಫೋನ್‌ನಲ್ಲೇ ಓಡುತ್ತದೆ, ನೆಟ್ಟೂ ಬೇಡ. ಅಷ್ಟರಲ್ಲೇ ಗ್ರ್ಯಾಂಡ್‌ಮಾಸ್ಟರ್‌ಗಳನ್ನೂ ಸೋಲಿಸುತ್ತದೆ.

ಮೂಡಿಗೆರೆ ಪ್ಲಾಂಟರ್: ಫೋನ್ ಕೈಗೆ ಕೊಟ್ಟರೆ ಹುಡುಗ ಚೆಸ್ ಆಡುತ್ತಾನಾ, ರೀಲ್ಸ್ ನೋಡುತ್ತಾನಾ? ಇನ್ವರ್ಟರ್‌ನಲ್ಲಿ ಫ್ರಿಜ್ಜೂ ಓಡುತ್ತದೆ ಮೇಷ್ಟ್ರೇ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ಅರಸೀಕೆರೆ ಮೇಷ್ಟ್ರು: ಫ್ರಿಜ್ಜಾ? ಒಂದೇ ಬ್ಯಾಟರಿಯಲ್ಲಾ? ಎಷ್ಟು ಹೊತ್ತು, ಹೇಳಿ ನೋಡೋಣ.