ಗಮಕಕ್ಕೆ ಒಗ್ಗುವಂತೆ ಎಲೆಕ್ಟ್ರಿಕ್ ಗಿಟಾರನ್ನು ಮಾರ್ಪಡಿಸುವುದು: ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ (ಸರಸ್ವತಿಪುರಂ, ಮೈಸೂರು)

ಎಲ್ಲರಿಗೂ ನಮಸ್ಕಾರ. ಚಿಕ್ಕಂದಿನಿಂದ ವೀಣೆ ಕಲಿತಿರುವ ನಾನು ಈಗ ಕೆಲವು ಕಾಲದಿಂದ ಎಲೆಕ್ಟ್ರಿಕ್ ಗಿಟಾರಿನಲ್ಲಿ ಕೀರ್ತನೆಗಳನ್ನು ನುಡಿಸುತ್ತಿದ್ದೇನೆ. ನನ್ನದು ಸ್ಟ್ರಾಟೊಕ್ಯಾಸ್ಟರ್ ಮಾದರಿಯ, ಮಧ್ಯಮ ಬೆಲೆಯ ವಾದ್ಯ. ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಮೂರು ಸಿಂಗಲ್ ಕಾಯಿಲ್ (ಒಂಟಿ ಸುರುಳಿಯ) ಪಿಕಪ್‌ಗಳು, ಟ್ರೆಮೊಲೊ ಬ್ರಿಡ್ಜ್ (ತಂತಿಗಳ ಬುಡ ಹಿಡಿದಿರುವ, ಬಾಗಬಲ್ಲ ಸೇತುವೆ) ಮತ್ತು ಬೀಟೆ ಮರದ ಫಿಂಗರ್‌ಬೋರ್ಡ್ ಇವೆ. 10ರಿಂದ 46ರ (ದಪ್ಪ ಇಂಚಿನ ಸಾವಿರದ ಭಾಗಗಳಲ್ಲಿ) ತಂತಿಗಳನ್ನು ಹಾಕಿದ್ದೇನೆ.

ತೋಡಿಯ ಗಾಂಧಾರಕ್ಕಾಗಿ ಒಂದು ತಂತಿಯನ್ನು ಎಳೆದಾಗ, ಪಕ್ಕದ ತಂತಿಯಲ್ಲಿ ಮೊಳಗುತ್ತಿರುವ ಷಡ್ಜದ ಶ್ರುತಿ ಇಳಿದುಬಿಡುತ್ತದೆ. ಹನ್ನೆರಡನೆಯ ಫ್ರೆಟ್ (ಮೆಟ್ಟಿಲು) ದಾಟಿದ ಮೇಲೆ ಮೊದಲ ತಂತಿಯನ್ನು ಒಂದು ಸ್ವರಕ್ಕಿಂತ ಹೆಚ್ಚು ಎಳೆದರೆ ನಾದ ತಟ್ಟನೆ ಸತ್ತುಹೋಗುತ್ತದೆ. ಇವುಗಳ ಜೊತೆಗೆ ಆಂಪ್ಲಿಫೈಯರಿನ ಗುಂಯ್‌ಗುಡುವಿಕೆಯೂ ಇದೆ, ವಾಲ್ಯೂಮ್ ತಗ್ಗಿಸಿದೊಡನೆ ನಾದ ಮಂಕಾಗುವುದೂ ಇದೆ. ಅಂಗಡಿಯೊಂದರಲ್ಲಿ ವಿಚಾರಿಸಿದಾಗ ಫ್ರೆಟ್‌ಗಳ ನಡುವಿನ ಮರವನ್ನು ಕೆತ್ತಿಸಿ, ಪಿಕಪ್‌ಗಳನ್ನು ತೆಗೆದು ಹಂಬಕರ್ (ಎರಡು ಸುರುಳಿಗಳ ಪಿಕಪ್) ಹಾಕಿಸಿ ಎಂದರು. ವಾದ್ಯದ ಮರಕ್ಕೆ ಉಳಿ ಹಾಕುವ ಮೊದಲು ಅನುಭವಿಗಳ ಅಭಿಪ್ರಾಯ ತಿಳಿಯಬೇಕೆಂದು ಕೇಳುತ್ತಿದ್ದೇನೆ.

ಉತ್ತರ (ವಿದ್ಯಾನಗರ, ಮಂಡ್ಯ)

ನಮಸ್ಕಾರ. ನೀವು ಹೇಳಿದ ಮೊದಲ ಎರಡು ತೊಂದರೆಗಳಿಗೂ ಮರ ಕೆತ್ತುವುದಕ್ಕೂ ಸಂಬಂಧವಿಲ್ಲ. ಆದ್ದರಿಂದ ಅದನ್ನು ಸದ್ಯಕ್ಕೆ ಬದಿಗಿಡಿ.

ಟ್ರೆಮೊಲೊ ಬ್ರಿಡ್ಜ್ ಒಂದು ಕಡೆ ಆರು ತಂತಿಗಳ ಎಳೆತಕ್ಕೂ ಇನ್ನೊಂದು ಕಡೆ ಹಿಂಬದಿಯ ಸ್ಪ್ರಿಂಗ್‌ಗಳ ಎಳೆತಕ್ಕೂ ನಡುವೆ ಸಮತೋಲನದಲ್ಲಿ ನಿಂತಿರುತ್ತದೆ. ನೀವು ಒಂದು ತಂತಿಯನ್ನು ಎಳೆದಾಗ ಬಿಗಿ ಹೆಚ್ಚಾಗಿ ಬ್ರಿಡ್ಜ್ ಮುಂದಕ್ಕೆ ಬಾಗುತ್ತದೆ, ಉಳಿದ ಐದೂ ತಂತಿಗಳು ಅಷ್ಟರಮಟ್ಟಿಗೆ ಸಡಿಲವಾಗುತ್ತವೆ. ರಾಕ್ ನುಡಿಸುವವರು ಇದನ್ನು ಹೇಗೋ ನಿಭಾಯಿಸಿಕೊಳ್ಳುತ್ತಾರೆ, ಆದರೆ ಆಧಾರ ಷಡ್ಜವೇ ಅಲುಗಿದರೆ ನಮ್ಮ ಸಂಗೀತ ನಿಲ್ಲುವುದಿಲ್ಲ. ವಾದ್ಯದ ಹಿಂಬದಿಯ ಪ್ಲಾಸ್ಟಿಕ್ ಮುಚ್ಚಳವನ್ನು ಬಿಚ್ಚಿದರೆ ಸ್ಪ್ರಿಂಗ್‌ಗಳು ಸಿಕ್ಕಿಸಿರುವ ಲೋಹದ ಗಟ್ಟಿ ಕಾಣುತ್ತದೆ. ವಾದ್ಯ ಶ್ರುತಿಯಲ್ಲಿರುವಾಗ, ಆ ಗಟ್ಟಿಗೂ ಹೆಗಲ ಪಟ್ಟಿ ಸಿಕ್ಕಿಸುವ ಬುಡದ ಗುಂಡಿ ಇರುವ ಬದಿಯ ಮರದ ಗೋಡೆಗೂ ನಡುವೆ ಇರುವ ಸಂದನ್ನು ಅಳೆದುಕೊಳ್ಳಿ. ಅಷ್ಟೇ ದಪ್ಪದ ಗಟ್ಟಿ ಮರದ ತುಂಡೊಂದನ್ನು ಉಜ್ಜಿ ಸರಿಹೊಂದಿಸಿ, ಬಿಗಿಯಾಗಿ ಕೂರುವಂತೆ ಒಳಗೆ ಸೇರಿಸಿ. ಮೈಸೂರಿನಲ್ಲಿ ಬೀಟೆ ಮರದ ಕುಸುರಿ ಕೆಲಸ ಮಾಡುವ ಯಾರನ್ನೇ ಕೇಳಿದರೂ ಬೆರಳಗಲದ ಚೂರು ಸಿಗುತ್ತದೆ. ಅಲ್ಲಿಂದ ಮುಂದೆ ಬ್ರಿಡ್ಜ್ ಮುಂದಕ್ಕೆ ಬಾಗಲಾರದು, ಷಡ್ಜ ಕದಲದು. ಬೇಡವೆನಿಸಿದ ದಿನ ತುಂಡನ್ನು ತೆಗೆದರಾಯಿತು, ವಾದ್ಯ ಮೊದಲಿನಂತೆಯೇ ಇರುತ್ತದೆ.

ನಾದ ಸಾಯುವುದಕ್ಕೆ ಕಾರಣ ಫಿಂಗರ್‌ಬೋರ್ಡಿನ ಉಬ್ಬು. ಹಳೆಯ ಫೆಂಡರ್ ಮಾದರಿಗಳಲ್ಲಿ ಈ ಉಬ್ಬಿನ ತ್ರಿಜ್ಯ 7.25 ಇಂಚು, ಈಚಿನವುಗಳಲ್ಲಿ ಸಾಮಾನ್ಯವಾಗಿ 9.5 ಇಂಚು, ಗಿಬ್ಸನ್ ವಾದ್ಯಗಳಲ್ಲಿ 12 ಇಂಚು. ತ್ರಿಜ್ಯ ಚಿಕ್ಕದಾದಷ್ಟೂ ಉಬ್ಬು ಹೆಚ್ಚು, ಅಂಚಿನ ತಂತಿಯನ್ನು ನಡುವಿನತ್ತ ಎಳೆದಾಗ ಅದು ಮುಂದಿನ ಫ್ರೆಟ್‌ಗಳಿಗೆ ತಾಗುತ್ತದೆ. ಮೊದಲು ನೆಕ್ (ವಾದ್ಯದ ಉದ್ದ ಕುತ್ತಿಗೆ) ನೋಡಿ. ಮೊದಲ ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ ಕೊನೆಯ ಫ್ರೆಟ್ಟಿನಲ್ಲೂ ಒತ್ತಿ ಹಿಡಿದಾಗ, ಏಳೆಂಟನೆಯ ಫ್ರೆಟ್ಟಿನ ಬಳಿ ಸುಮಾರು 0.25 ಮಿ.ಮೀ. ಸಂದು ಕಾಣಬೇಕು. ಅಳೆಯಲು ಬೈಕ್ ಮೆಕ್ಯಾನಿಕ್‌ಗಳು ವಾಲ್ವ್ ಹೊಂದಿಸಲು ಬಳಸುವ ಫೀಲರ್ ಗೇಜ್ ಸಾಕು. ಸಂದು ಹೆಚ್ಚು ಕಡಿಮೆ ಇದ್ದರೆ ಟ್ರಸ್ ರಾಡನ್ನು (ನೆಕ್ಕಿನೊಳಗೆ ಅದರ ಬಾಗು ಹೊಂದಿಸುವ ಕಂಬಿ) ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ. ಬೇಸಿಗೆಯ ಒಣಹವೆಗೂ ಮಳೆಗಾಲದ ತೇವಕ್ಕೂ ನೆಕ್ ಬೇರೆಬೇರೆ ರೀತಿ ಬಾಗುವುದರಿಂದ ಇದನ್ನು ವರ್ಷಕ್ಕೆ ಒಂದೆರಡು ಸಲ ನೋಡುತ್ತಿರಬೇಕು. ಆಮೇಲೆ ಮೊದಲ ಎರಡು ತಂತಿಗಳನ್ನು ಬ್ರಿಡ್ಜಿನ ಬಳಿ ಚೂರೇ ಚೂರು ಮೇಲೆತ್ತಿ. ಅಷ್ಟಾದರೂ ನಾದ ಸತ್ತರೆ ಮಾತ್ರ ಮೇಲಿನ ಫ್ರೆಟ್‌ಗಳನ್ನು ಪರಿಣತರ ಕೈಯಲ್ಲಿ ಉಜ್ಜಿಸಿ ಸಮಮಾಡಿಸಿ.

ತಂತಿಯ ದಪ್ಪ ನಿಮ್ಮ ಕೈಯಲ್ಲೇ ಇರುವ ಅತ್ಯಂತ ಅಗ್ಗದ ಮಾರ್ಪಾಡು. 10ರ ಬದಲು 9ರ ತಂತಿ ಹಾಕಿದರೆ ಮೊದಲ ತಂತಿಯ ಬಿಗಿ ಸುಮಾರು ಶೇ. 19ರಷ್ಟು ಇಳಿಯುತ್ತದೆ. ಇಡೀ ಶ್ರುತಿಯನ್ನು ಅರ್ಧ ಸ್ವರ ಇಳಿಸಿದರೆ ಇನ್ನೂ ಶೇ. 11ರಷ್ಟು ಇಳಿಯುತ್ತದೆ. ಗಮಕಕ್ಕೆ ಇದು ದೊಡ್ಡ ವ್ಯತ್ಯಾಸ. ಬಿಗಿ ಬದಲಾದ ಮೇಲೆ ನೆಕ್, ಹನ್ನೆರಡನೆಯ ಫ್ರೆಟ್ಟಿನ ಸ್ವರಶುದ್ಧಿ ಮತ್ತು ನೀವು ಒಳಗಿಟ್ಟ ಮರದ ತುಂಡು, ಇವೆಲ್ಲವನ್ನೂ ಮತ್ತೆ ಪರೀಕ್ಷಿಸಬೇಕಾಗುತ್ತದೆ. ಆದ್ದರಿಂದ ತಂತಿಯನ್ನು ಮೊದಲೇ ನಿರ್ಧರಿಸಿಕೊಳ್ಳಿ. ಶ್ರುತಿ ಮಾಡುವಾಗ ನಟ್ (ನೆಕ್ಕಿನ ತುದಿಯಲ್ಲಿ ತಂತಿಗಳು ಹಾಯುವ ಗೀರುಗಳಿರುವ ಪಟ್ಟಿ) ಬಳಿ ‘ಟಿಂಗ್’ ಎಂಬ ಸದ್ದು ಬಂದರೆ ತಂತಿ ಅಲ್ಲಿ ಸಿಕ್ಕಿಕೊಳ್ಳುತ್ತಿದೆ ಎಂದರ್ಥ. ಎಳೆದ ತಂತಿ ಮರಳಿ ಸ್ವಸ್ಥಾನಕ್ಕೆ ಬಾರದಿರಲು ಬಹಳ ಸಲ ಇದೇ ಕಾರಣ. ಮೆದು ಪೆನ್ಸಿಲ್ಲಿನ ಸೀಸವನ್ನು ಆ ಗೀರಿನೊಳಗೆ ಉಜ್ಜಿ ನೋಡಿ.

ಉತ್ತರ (ಕುವೆಂಪುನಗರ, ಮೈಸೂರು)

ಮೇಲಿನವರು ಮರದ ವಿಚಾರ ಹೇಳಿರುವುದರಿಂದ ನಾನು ವಿದ್ಯುತ್ ಭಾಗವನ್ನಷ್ಟೇ ಹೇಳುತ್ತೇನೆ. ನಿಮಗೆ ಕೇಳಿಸುತ್ತಿರುವುದು ನಮ್ಮ ಮನೆಗಳ 50 ಹರ್ಟ್ಸ್ ವಿದ್ಯುತ್ತಿನ ಹಮ್. ಅದನ್ನು ಕಳೆಯಲೆಂದೇ 1955ರಲ್ಲಿ ಗಿಬ್ಸನ್ ಕಂಪನಿಯ ಸೆತ್ ಲವರ್ ಅವರು ಎರಡು ಸುರುಳಿಗಳ ಹಂಬಕರನ್ನು ರೂಪಿಸಿದರು. ಆದರೆ ಹಂಬಕರಿನ ದಪ್ಪ ನಾದದಲ್ಲಿ ಮೀಟಿನ ಅಂಚು ಮೊಂಡಾಗುತ್ತದೆ, ಮೇಲಾಗಿ ಪೂರ್ಣ ಗಾತ್ರದ ಹಂಬಕರಿಗೆ ನಿಮ್ಮ ವಾದ್ಯದ ಫಲಕವನ್ನೂ, ಕೆಲವೊಮ್ಮೆ ಮರವನ್ನೂ ಕತ್ತರಿಸಬೇಕಾಗುತ್ತದೆ. ವೀಣೆಯ ಕಿವಿಯುಳ್ಳ ನಿಮಗೆ ನೆಕ್ ಬದಿಯ ಸಿಂಗಲ್ ಕಾಯಿಲ್ಲೇ ಹಿತವೆನಿಸುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಬೇಕೇ ಬೇಕೆಂದರೆ ಸಿಂಗಲ್ ಕಾಯಿಲ್ ಗಾತ್ರದಲ್ಲೇ, ಸುರುಳಿಗಳನ್ನು ಒಂದರ ಮೇಲೊಂದು ಇಟ್ಟು ಮಾಡಿದ ಹಮ್ ರಹಿತ ಪಿಕಪ್‌ಗಳಿವೆ, ಅವು ಇದ್ದ ಗುಂಡಿಯಲ್ಲೇ ಕೂರುತ್ತವೆ.

ಅದಕ್ಕೂ ಮೊದಲು ಪಿಕಪ್‌ಗಳ ಗುಂಡಿಯ ಒಳಮೈಗೆಲ್ಲ ತಾಮ್ರದ ಅಂಟುಪಟ್ಟಿ ಹಚ್ಚಿ. ಪಟ್ಟಿಗಳು ಒಂದರ ಮೇಲೊಂದು ಬರುವಲ್ಲಿ ಬೆಸುಗೆಯ ಚುಕ್ಕೆ ಇಟ್ಟು, ಎಲ್ಲವನ್ನೂ ವಾಲ್ಯೂಮ್ ಪಾಟಿನ (ವಾಲ್ಯೂಮ್ ಹೆಚ್ಚು ಕಡಿಮೆ ಮಾಡುವ ತಿರುಗುವ ರೋಧಕ) ಬೆನ್ನಿಗೆ ಒಂದೇ ತಂತಿಯಿಂದ ಜೋಡಿಸಿ, ಮಲ್ಟಿಮೀಟರಿನಲ್ಲಿ ಸಂಪರ್ಕ ಪರೀಕ್ಷಿಸಿ. ಜ್ಯಾಕಿನ ತುದಿ ತಾಮ್ರಕ್ಕೆ ತಾಗಿದರೆ ವಾದ್ಯ ಮೂಕವಾಗುತ್ತದೆ, ಅಲ್ಲಿ ಎಚ್ಚರ. ಸುರುಳಿಯೇ ಹಿಡಿಯುವ ಹಮ್ ಇದರಿಂದ ಪೂರ್ತಿ ಹೋಗುವುದಿಲ್ಲ, ಗರಗರ ಸದ್ದು ಮಾತ್ರ ಚೆನ್ನಾಗಿ ತಗ್ಗುತ್ತದೆ. ನಡುವಿನ ಪಿಕಪ್ ವಿರುದ್ಧ ದಿಕ್ಕಿನಲ್ಲಿ ಸುತ್ತಿದ್ದಾಗಿದ್ದರೆ, ಪಿಕಪ್ ಆರಿಸುವ ಸ್ವಿಚ್ಚಿನ ಎರಡನೆಯ ಮತ್ತು ನಾಲ್ಕನೆಯ ಸ್ಥಾನಗಳಲ್ಲಿ ಹಮ್ ತಾನಾಗಿಯೇ ಕಳೆದುಹೋಗುತ್ತದೆ.

ವಾಲ್ಯೂಮ್ ತಗ್ಗಿಸಿದಾಗ ನಾದ ಮಂಕಾಗುವುದು ಪಾಟಿನ ರೋಧವೂ ಕೇಬಲ್ಲಿನ ಧಾರಕತ್ವವೂ ಸೇರಿ ಮೇಲಿನ ಕಂಪನಗಳನ್ನು ಸೋಸಿಬಿಡುವುದರಿಂದ. ವಾಲ್ಯೂಮ್ ಪಾಟಿನ ಒಳಬರುವ ಕಾಲಿಗೂ ನಡುವಿನ ಕಾಲಿಗೂ ನಡುವೆ 0.001 ಮೈಕ್ರೊಫ್ಯಾರಡ್ ಕೆಪಾಸಿಟರನ್ನೂ 150 ಕಿಲೋಓಮ್ ರೆಸಿಸ್ಟರನ್ನೂ ಸಮಾಂತರವಾಗಿ ಬೆಸೆದರೆ ಈ ತೊಂದರೆ ಬಹುಪಾಲು ನೀಗುತ್ತದೆ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಎರಡಕ್ಕೂ ಸೇರಿ ಹೆಚ್ಚೆಂದರೆ ಕೆಲವೇ ಹತ್ತು ರೂಪಾಯಿ ಆದೀತು. ಸ್ಪ್ರಿಂಗ್‌ಗಳ ಕೊಕ್ಕೆಗೆ ಬೆಸೆದಿರುವ ಅರ್ಥಿಂಗ್ ತಂತಿಯನ್ನು ಯಾವ ಕಾರಣಕ್ಕೂ ಕತ್ತರಿಸಬೇಡಿ. ನಮ್ಮೂರಿನ ಹಳೆಯ ಮನೆಗಳಲ್ಲಿ ಮೂರು ಕಣ್ಣಿನ ಸಾಕೆಟ್ ಇದ್ದರೂ ಒಳಗೆ ಅರ್ಥಿಂಗ್ ಇಲ್ಲದಿರುವುದು ಸಾಮಾನ್ಯ. ತಂತಿಗಳ ಮೇಲೆ ಕೈಯಿಟ್ಟುಕೊಂಡೇ ನುಡಿಸುವ ವಾದ್ಯವಾದ್ದರಿಂದ, ಎಲೆಕ್ಟ್ರಿಷಿಯನ್ನರಿಂದ ಅದನ್ನೊಮ್ಮೆ ಪರೀಕ್ಷೆ ಮಾಡಿಸಿಯೇ ಆಂಪ್ಲಿಫೈಯರ್ ಹಾಕಿ.

ಉತ್ತರ (ಶ್ರೀರಂಗಪಟ್ಟಣ)

ಮಂಡ್ಯದವರ ಮಾತನ್ನು ಗೌರವದಿಂದಲೇ ಒಪ್ಪುತ್ತೇನೆ, ಆದರೆ ಕೆತ್ತನೆಯನ್ನು ಬದಿಗಿಡಿ ಎಂಬಲ್ಲಿ ಮಾತ್ರ ನನಗೆ ಭಿನ್ನಾಭಿಪ್ರಾಯವಿದೆ. ಪ್ರಶ್ನೆ ಕೇಳಿದವರು ವೀಣೆಯವರು. ವೀಣೆಯ ಹಿತ್ತಾಳೆಯ ಮೆಟ್ಟಿಲುಗಳು ಮೇಣದ ಮೇಲೆ ಎತ್ತರದಲ್ಲಿ ನಿಂತಿರುವುದರಿಂದ ಬೆರಳ ತುದಿಗೆ ತಂತಿಯೊಂದೇ ಸಿಗುತ್ತದೆ, ಮರ ಅಡ್ಡ ಬರುವುದಿಲ್ಲ. ಗಿಟಾರಿನಲ್ಲಿ ಬೆರಳು ಫಿಂಗರ್‌ಬೋರ್ಡಿಗೆ ತಾಗಿ ಉಜ್ಜುತ್ತದೆ, ಕಂಪಿತದ ಅರ್ಧ ಶಕ್ತಿ ಅಲ್ಲೇ ವ್ಯಯವಾಗುತ್ತದೆ. ಜಾನ್ ಮೆಕ್‌ಲಾಫ್ಲಿನ್ ಅವರು 1970ರ ದಶಕದಲ್ಲಿ ಭಾರತೀಯ ಸಂಗೀತವನ್ನೂ ಜಾಝನ್ನೂ ಬೆಸೆದ ‘ಶಕ್ತಿ’ ತಂಡಕ್ಕಾಗಿ ಮಾಡಿಸಿಕೊಂಡ ಗಿಟಾರಿನಲ್ಲಿ ಫ್ರೆಟ್‌ಗಳ ನಡುವೆ ಕೆತ್ತಿಸಿದ್ದು ಭಾರತೀಯ ಗಮಕಗಳಿಗಾಗಿಯೇ. ಇಲ್ಲೇ ಪಕ್ಕದ ತಿರುಮಕೂಡಲಿನ ಪಿಟೀಲು ಚೌಡಯ್ಯನವರು ಮೈಕ್ ಇಲ್ಲದ ಸಭೆಗಳಲ್ಲಿ ಕೊನೆಯ ಸಾಲಿಗೂ ನಾದ ತಲುಪಲಿ ಎಂದು ನಾಲ್ಕು ತಂತಿಯ ವಾದ್ಯವನ್ನು ಏಳು ತಂತಿಗೆ ಏರಿಸಿದರು. ಸಂಗೀತಕ್ಕೆ ಅಗತ್ಯವಿದ್ದರೆ ವಾದ್ಯವನ್ನು ಬದಲಾಯಿಸಲು ಹಿಂಜರಿಯದ ಪರಂಪರೆ ನಮ್ಮದು.

ಕೆತ್ತಿದ ನೆಕ್ಕಿನಲ್ಲಿ ತಂತಿಯನ್ನು ಜೋರಾಗಿ ಒತ್ತಿದರೆ ಶ್ರುತಿ ಏರಿಬಿಡುತ್ತದೆ ಎಂಬ ಆಕ್ಷೇಪ ನಿಜವೇ. ಆದರೆ ವೀಣೆ ಕಲಿತ ಕೈಗೆ ಆ ಹದ ಆಗಲೇ ಬಂದಿರುತ್ತದೆ.

ಪ್ರಶ್ನೆ ಕೇಳಿದವರು (ಸರಸ್ವತಿಪುರಂ)

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. 9ರ ತಂತಿ ಹಾಕಿ, ಮರದ ತುಂಡಿಟ್ಟು ನೋಡಿದೆ. ಷಡ್ಜ ಈಗ ಅಲುಗುತ್ತಿಲ್ಲ, ತೋಡಿಯ ಗಾಂಧಾರ ಕೈಗೆ ಎಟುಕುತ್ತಿದೆ. ಆದರೂ ಶ್ರೀರಂಗಪಟ್ಟಣದವರು ಹೇಳಿದಂತೆ ಮರದ ಉಜ್ಜಾಟ ನನ್ನ ಬೆರಳಿಗೆ ಸ್ಪಷ್ಟವಾಗಿ ತಿಳಿಯುತ್ತದೆ. ಕೆತ್ತಿಸುವುದೇ ಆದರೆ ಹೇಗೆ ಮಾಡಿಸುವುದು ಕ್ಷೇಮ?

ಉತ್ತರ (ವಿದ್ಯಾನಗರ, ಮಂಡ್ಯ)

ವೀಣೆಯ ಕೈ ಎಂಬ ವಾದ ಸರಿಯಾಗಿದೆ, ಒಪ್ಪಿದೆ. ಆದರೂ ಈಗಿರುವ ನೆಕ್ಕನ್ನು ಕೆತ್ತಿಸಬೇಡಿ. ನಿಮ್ಮ ಮಾದರಿಯ ವಾದ್ಯಗಳಲ್ಲಿ ನೆಕ್ ನಾಲ್ಕು ಸ್ಕ್ರೂಗಳಿಂದ ಕೂತಿರುತ್ತದೆ, ಹಾಗಾಗಿ ಬೇರೊಂದು ನೆಕ್ ಕೊಂಡು ಅದನ್ನು ಕೆತ್ತಿಸಬಹುದು. ಕೊಳ್ಳುವಾಗ ತಂತಿಯ ಉದ್ದದ ಅಳತೆ 648 ಮಿ.ಮೀ. ಇದೆಯೇ, ದೇಹದೊಳಗೆ ಕೂರುವ ತುದಿಯ ಅಗಲ ಸುಮಾರು 56 ಮಿ.ಮೀ. ಇದ್ದು ನಿಮ್ಮ ವಾದ್ಯದ ಗುಂಡಿಗೆ ಹೊಂದುತ್ತದೆಯೇ ನೋಡಿಕೊಳ್ಳಿ. ಎತ್ತರದ ಜಂಬೊ ಫ್ರೆಟ್ ಇರುವ ನೆಕ್ ಸಿಕ್ಕಿದರೆ ಅದನ್ನೇ ಆರಿಸಿ, ಏಕೆಂದರೆ ಕೆತ್ತದೆಯೇ ನಿಮಗೆ ಅದು ಸಾಕೆನಿಸಬಹುದು. ಸಾಲದಿದ್ದರೆ ಹನ್ನೆರಡನೆಯ ಫ್ರೆಟ್ಟಿನಿಂದ ಮೇಲೆ ಮಾತ್ರ ಮೊದಲು ಕೆತ್ತಿಸಿ ನುಡಿಸಿ ನೋಡಿ, ಕೆಳಗಿನದನ್ನು ಯಾವಾಗ ಬೇಕಾದರೂ ಮುಂದುವರಿಸಬಹುದು. ಕೆತ್ತುವವರು ಫ್ರೆಟ್‌ಗಳ ಅಂಚಿಗೆ ಟೇಪ್ ಅಂಟಿಸಿ, ಮರದ ಪಾರ್ಶ್ವದ ಚುಕ್ಕೆಗಳವರೆಗೆ ಇಳಿಯದಂತೆ, ನಡುವೆ ಆಳವಾಗಿ ಅಂಚುಗಳಲ್ಲಿ ತೆಳುವಾಗಿ ಉಜ್ಜಬೇಕು. ಬೀಟೆ ಮರದ ಹುಡಿ ಹಲವರಿಗೆ ಚರ್ಮದ ತುರಿಕೆಯನ್ನೂ ಉಸಿರಿನ ತೊಂದರೆಯನ್ನೂ ತರುವುದರಿಂದ, ಪಕ್ಕದಲ್ಲಿ ನಿಂತು ನೋಡುವವರೂ ಮುಖಕ್ಕೆ ಮಾಸ್ಕ್ ಹಾಕಿಕೊಳ್ಳಬೇಕು.