ಸಹಾಯ ಬೇಕು: ಬಿಪಿ, ಶುಗರ್ ಫಾಲೋಅಪ್ ಫೋನಿನಲ್ಲೋ, ಎದುರಿಗೋ?

ನಮಸ್ಕಾರ. ನಾನು ಬಿಎಸ್ಸಿ ನರ್ಸಿಂಗ್ ಮಾಡಿ, ಹಳ್ಳಿಯ ಆರೋಗ್ಯ ಉಪಕೇಂದ್ರವೊಂದರಲ್ಲಿ ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ) ಆಗಿದ್ದೇನೆ. ಬಿಪಿ, ಶುಗರ್‌ನವರೇ ಜಾಸ್ತಿ. ಸರ್ಕಾರದ ಆನ್‌ಲೈನ್ ವೈದ್ಯ ಸಲಹೆ ಸೇವೆ ಇ-ಸಂಜೀವಿನಿಯಲ್ಲಿ ಡಾಕ್ಟರ್ ಸಿಗುವುದರಿಂದ ಜನರಿಗೆ ತಾಲೂಕು ಆಸ್ಪತ್ರೆಗೆ ಅಲೆಯುವುದು ತಪ್ಪಿದೆ. ಅದೇ ಧೈರ್ಯದಲ್ಲಿ ದೂರದ ತೋಟದ ಮನೆಯವರನ್ನು ನಾನೂ ಫೋನಿನಲ್ಲೇ ವಿಚಾರಿಸಲು ಶುರು ಮಾಡಿದೆ.

ಆದರೆ ಕೆಲಸ ಮಾಡಿದ ಸಮಾಧಾನವೇ ಇಲ್ಲ. "ಮಾತ್ರೆ ತಗೋತಿದೀನಿ ಸಿಸ್ಟರ್, ಆರಾಮಾಗಿದೀನಿ" ಅಂತಿದ್ದ ಅಜ್ಜ ಮೊನ್ನೆ ಬಂದರು. ಚಪ್ಪಲಿ ಬಿಚ್ಚಿಸಿದರೆ ಹೆಬ್ಬೆರಳ ಕೆಳಗೆ ಕೀವಾದ ಗಾಯ! ಪಾದ ಜೋಮು ಹಿಡಿದು ಅವರಿಗೆ ನೋವೇ ಗೊತ್ತಾಗಿಲ್ಲ. ಜೇಬಿನಲ್ಲಿದ್ದ ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಶೀಟಿನಲ್ಲಿ ಅರ್ಧದಷ್ಟು ಮಾತ್ರೆಗಳು ಹಾಗೇ ಇದ್ದವು.

ವಿಡಿಯೋ ಕಾಲ್ ಮಾಡಿ ನೋಡಿದೆ, ಅಂಗಾಲು ಕಾಣುವಷ್ಟರಲ್ಲಿ ನೆಟ್‌ವರ್ಕ್ ಹೋಗುತ್ತದೆ. ಆಶಾ ಅಕ್ಕನ ಕೈಲಿ ಬಿಪಿ ಮೆಷಿನ್ ಕಳಿಸಿದೆ. ರೀಡಿಂಗ್ ಬಂತು, ಅಷ್ಟೇ. ಎಲ್ಲರನ್ನೂ ತಿಂಗಳು ತಿಂಗಳು ಕರೆಸೋಣ ಅಂದರೆ ಕೂಲಿ ತಪ್ಪುತ್ತದೆ ಅಂತ ಬರುವುದನ್ನೇ ಬಿಡುತ್ತಾರೆ. ವರ್ಷಕ್ಕೊಮ್ಮೆಯಾದರೂ ಪಾದ ಪರೀಕ್ಷೆ ಮಾಡಬೇಕು ಅಂತ ಓದಿದ್ದೇವೆ, ಆದರೆ ಇಂಥವರಿಗೆ ಅದು ಸಾಲದು ಅಲ್ವಾ?

ಇಲ್ಲಿರುವ ಸಿಎಚ್‌ಒ, ಸ್ಟಾಫ್ ನರ್ಸ್‌ಗಳು ದಯವಿಟ್ಟು ಹೇಳಿ: ಯಾವ ರೋಗಿಯನ್ನು ಫೋನಿನಲ್ಲೇ ನೋಡಿಕೊಳ್ಳುತ್ತೀರಿ, ಯಾರನ್ನು ಎದುರಿಗೇ ನೋಡುತ್ತೀರಿ, ಎಷ್ಟು ತಿಂಗಳಿಗೊಮ್ಮೆ?